ಶುಕ್ರವಾರದ ಚರ್ಪು

ಅರಸೀಕೆರೆಯ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿರುವ ಆ ಕಟ್ಟಡ ಮೊದಲು ಕೊಬ್ಬರಿ ಮಂಡಿಯಾಗಿತ್ತಂತೆ. ನಾನು ಮಹಡಿಯ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ತೆರೆಯುವ ಹೊತ್ತಿಗೆ ಅದು ಆಫೀಸುಗಳ ಕಟ್ಟಡ. ಕೆಳಗೆ ವಿಮೆಯವರು, ನನ್ನ ಪಕ್ಕಕ್ಕೆ ವಕೀಲರು, ಎದುರಿಗೆ ಆಡಿಟರು. ಆದರೂ ಮಳೆ ಬಂತೆಂದರೆ ಗೋಡೆಗಳಿಂದ ಕೊಬ್ಬರಿಯ ಕಮಟು ವಾಸನೆ ಏಳುತ್ತಿತ್ತು.

ಮಂಡಿಯವರ ಕಾಲದಿಂದ ಉಳಿದುಕೊಂಡದ್ದು ಇನ್ನೊಂದಿತ್ತು, ಶುಕ್ರವಾರದ ಚರ್ಪು. ಸಂಜೆ ಪೂಜೆ ಮಾಡಿ, ಕಡ್ಲೆಪುರಿಗೆ ಕಾಯಿಚೂರು, ಬೆಲ್ಲ ಬೆರೆಸಿ ಎಲ್ಲ ಕೋಣೆಗೂ ಹಂಚಬೇಕು. ವಾರಕ್ಕೊಬ್ಬರ ಸರದಿ. ವಕೀಲರು ಮಹಾ ಜುಗ್ಗರು, ಅವರದು ಬರೀ ಪುರಿ. "ಕಾಯಿಗೆ ಸ್ಟೇ ಬಂದೈತಾ ಸ್ವಾಮಿ?" ಎಂದು ವಿಮೆಯವರು ರೇಗಿಸುತ್ತಿದ್ದರು. ಅಮ್ಮ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಆ ನಗುವಿಗಾಗಿ ವಾರವಿಡೀ ಕಾಯುತ್ತಿದ್ದೆ.

ಒಬ್ಬೊಬ್ಬರಾಗಿ ಖಾಲಿ ಮಾಡಿದರು. ವಿಮೆಯವರು ಹೊಸ ಬಡಾವಣೆಗೆ, ಆಡಿಟರು ಹಾಸನಕ್ಕೆ. ವಕೀಲರು ಶಿವನ ಪಾದ ಸೇರಿದರು. ಅವರೆಲ್ಲರ ಕೋಣೆಗಳ ತುಂಬ ಈಗ ಕೊರಿಯರ್ ಡಬ್ಬಗಳು. ಟೈಪಿಂಗ್ ಕಲಿಯಲು ಯಾರೂ ಬರದಿದ್ದರೂ ನಾನು ದಿನಾ ಬಾಗಿಲು ತೆಗೆದು ಕೂರುತ್ತಿದ್ದೆ. ಒಂದು ದಿನ ಮಾಲೀಕರ ಮಗ ಬಂದು, "ನಿಮ್ ರೂಮೂ ಬಿಟ್ಕೊಡಿ ಮೇಡಂ, ಕೊರಿಯರ್‌ನೋರು ಕೇಳ್ತಾವ್ರೆ" ಎಂದ. ಮೈಯೆಲ್ಲ ಉರಿದುಹೋಯಿತು. "ನಾನು ಸತ್ ಮೇಲೆ ತಗೊಳ್ಳಯ್ಯ, ಹೋಗು!" ಎಂದು ಅವನ ಮುಖಕ್ಕೇ ಬಾಗಿಲು ಹಾಕಿದೆ.

ಆ ಶುಕ್ರವಾರ ಹಟಕ್ಕೆ ಬಿದ್ದು ಹಿಂದಿನಷ್ಟೇ ಚರ್ಪು ಕಲಸಿ, ಪೊಟ್ಟಣ ಕಟ್ಟಿಕೊಂಡು ಕೆಳಗಿಳಿದೆ. ಡಬ್ಬಗಳನ್ನು ಸ್ಕ್ಯಾನ್ ಮಾಡುತ್ತಿದ್ದ ಹೆಂಗಸು ತಲೆಯೆತ್ತದೆ, "ಅಲ್ಲೇ ಇಟ್ಟೋಗಿ ಮೇಡಂ. ಅಡ್ರೆಸ್ ಬರ್ದಿದೀರ ತಾನೆ?" ಎಂದಳು.

"ಚರ್ಪು ಕಣಮ್ಮ, ತಿನ್ನು" ಎಂದೆ.

"ಅಯ್ಯೋ, ಶುಗರ್ ಐತೆ ನಂಗೆ" ಎಂದು ಮತ್ತೆ ಡಬ್ಬಕ್ಕೆ ಬಗ್ಗಿದಳು. ಅವಳದೇನು ತಪ್ಪು, ಪಾಪ. ಮೇಲೆ ಬಂದು ಒಬ್ಬಳೇ ಒಂದು ಪೊಟ್ಟಣ ಬಿಚ್ಚಿ ತಿಂದೆ. ಅಳು ಬಂತು.

ಮರುವಾರ ಹಿರಿಯ ಮಾಲೀಕರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಮಗಂಗೆ ಸರಿಯಾಗಿ ಉಗ್ದಿದೀನಿ ಕಣಮ್ಮ. ಈ ರೂಮು ನಿಂದೇ. ನಿಂಗೆ ಇಷ್ಟ ಇರೋಗಂಟ ಇರು" ಎಂದರು. ನಾನು ಹಟ ಹಿಡಿದು ಕೇಳಿದ್ದು ಸಿಕ್ಕಿತ್ತು. ಕೈಮುಗಿದೆ. ಅವರು ಇಳಿದುಹೋಗುವುದನ್ನು ನೋಡುತ್ತ ನಿಂತವಳು, ಏನನ್ನಿಸಿತೋ, ಕೋಣೆಗೆ ಬೀಗ ಹಾಕಿ ಅವರ ಹಿಂದೆಯೇ ಓಡಿ, ಬೀಗದ ಕೈ ಅವರ ಕೈಗಿಟ್ಟೆ.

"ಇದ್ಯಾಕಮ್ಮ? ಇರು ಅಂದ್ನಲ್ಲ!"

"ಯಾರ್ ಜೊತೆ ಇರ್ಲಿ, ಯಜಮಾನ್ರೇ?" ಎಂದೆ.