ಅತ್ತೆ ಕೋಲು ಹಿಡಿದ ವರ್ಷ

ನನಗೆ ತಾಳ್ಮೆ ಕಡಿಮೆ. ಶಿರಸಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ಸೀಟಿ ಊದಿದ ಅಷ್ಟೂ ವರ್ಷಗಳಲ್ಲಿ ನಾನು ನಿಧಾನವಾಗಿ ಮಾಡಿದ ಕೆಲಸ ಒಂದೂ ನೆನಪಿಗೆ ಬರುವುದಿಲ್ಲ. ಶಿಕ್ಷಕರ ಕ್ರೀಡಾಕೂಟದಲ್ಲಿ ಎಂಟುನೂರು ಮೀಟರ್ ಓಡುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿದ್ದದ್ದು ಅತ್ತೆಯ ಎದುರು ಮಾತ್ರ. ಬೆಳಿಗ್ಗೆ ಟ್ರ್ಯಾಕ್ ಸೂಟು ಹಾಕಿಕೊಂಡು ಹೊರಟರೆ ಅವರು ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಬರುತ್ತಾ ಒಂದೇ ಮಾತು ಹೇಳುತ್ತಿದ್ದರು.

“ಓಡಿ ಓಡಿ ಎಲ್ಲಿಗೆ ಹೋಗ್ತೆ? ತಿರುಗಿ ಅಲ್ಲಿಗೇ ಬತ್ತೆ.”

ಮೈದಾನದ ಸುತ್ತ ಓಡುವವಳ ಮಟ್ಟಿಗೆ ಆ ಮಾತು ನಿಜವೇ. ಅವರಿಗೆ ನನ್ನ ಓಟ ಕಂಡರಾಗದು ಎಂದೇ ಹತ್ತು ವರ್ಷ ನಂಬಿದ್ದೆ.

ನಮ್ಮ ಪೇಟೆಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಮಕ್ಕಳಿಗೆ ಖೋಖೋ ಕಲಿಸುವಾಗ ನನ್ನ ಬಲ ಮೊಣಕಾಲು ತಿರುಚಿತು. ಹುಬ್ಬಳ್ಳಿಯ ಫಿಜಿಯೋಥೆರಪಿಸ್ಟ್ ಒಂದು ವರ್ಷ ಓಡುವ ಹಾಗಿಲ್ಲ ಅಂದರು. ಹಾಗಂತ ಕೂತುಬಿಟ್ಟರೆ ಕಾಲು ಇನ್ನೂ ಸೊರಗುತ್ತದೆ, ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಬಿರುಸಾಗಿ ನಡೆಯಿರಿ ಅಂದರು. ಹಿಮದ ಮೇಲೆ ಜಾರುವ ಆಟಗಾರರು ಬೇಸಿಗೆಯಲ್ಲಿ ಮೈ ಸಡಿಲಾಗದಿರಲೆಂದು ಹೀಗೆ ನಡೆಯುತ್ತಾರಂತೆ. ನಾರ್ಡಿಕ್ ವಾಕಿಂಗ್ ಅಂತ ಹೆಸರು. ಭಾರ ಕೈಗೂ ಭುಜಕ್ಕೂ ಹಂಚಿಹೋಗುತ್ತದೆ, ಮೊಣಕಾಲಿಗೆ ಪೆಟ್ಟು ಬೀಳುವುದಿಲ್ಲ, ಉಸಿರಿಗೆ ಮಾತ್ರ ಓಟದಷ್ಟೇ ಕೆಲಸ.

ಅಂಥ ಕೋಲು ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು? ಯಜಮಾನರು ಎರಡು ಗಟ್ಟಿ ಬಿದಿರು ಕಡಿದು ನುಣುಪು ಮಾಡಿಕೊಟ್ಟರು. ತುದಿಗೆ ಔಷಧಿ ಅಂಗಡಿಯಿಂದ ತಂದ ಊರುಗೋಲಿನ ರಬ್ಬರು, ಮೇಲೆ ಹಳೇ ಶಾಲೆ ಚೀಲದ ಪಟ್ಟಿ.

ಹುಲೇಕಲ್ ರಸ್ತೆಗೆ ಇಳಿದ ಮೊದಲ ದಿನವೇ ಕೈ ತೋರಿಸದಿದ್ದರೂ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಬಂದು ಹತ್ತಿಸಲೆಂದು ನನ್ನ ತೋಳು ಹಿಡಿದ. ಆಮೇಲೆ ದಿನಾ ಒಂದಲ್ಲ ಒಂದು ಜೀಪು, ಸ್ಕೂಟರು. ಗಾಡಿ ಇಲ್ಲದವರು ಗೇಟಿನ ಬಳಿ ನಿಂತು, ಆಸರಿಗೆ ಎಂತ ಬೇಕು, ಮಜ್ಜಿಗೆಯೋ ಕಷಾಯವೋ ಎಂದು ಕರೆಯುವವರು. ವ್ಯಾಯಾಮ ಮಾಡುತ್ತಿದ್ದೇನೆ ಅಂದರೆ ಯಾರೂ ನಂಬಲಿಲ್ಲ. ಒಬ್ಬರು, ಕೋಲಾಟಕ್ಕೆ ಜೊತೆ ಸಿಗಲಿಲ್ಲವೇ ಎಂದು ಕೇಳಿದರು. ಅವತ್ತು ನನಗೆ ಪಿತ್ತ ನೆತ್ತಿಗೇರಿತು. ಸಾಲದ್ದಕ್ಕೆ ನಡಿಗೆಯೇ ಸರಿಯಾಗಿ ಬರುತ್ತಿರಲಿಲ್ಲ. ಬಲಗಾಲಿನ ಜೊತೆ ಬಲಗೈಯೇ ಮುಂದೆ ಹೋಗುತ್ತಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಕಾಲ ಬಂದಿತ್ತು. ಅತ್ತೆಯ ಎರಡೂ ಮೊಣಕಾಲು ಸವೆದು, ಅವರು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುತ್ತಿದ್ದರು. ಮಗ ಒಳ್ಳೇ ಬೆತ್ತ ತಂದುಕೊಟ್ಟರೆ ಅದನ್ನು ಮಂಗ ಓಡಿಸಲು ಇಟ್ಟುಕೊಂಡರು. ಕೋಲು ಊರಿದ ದಿನವೇ ತಾನು ಮುದುಕಿ ಅಂತ ಅವರ ಲೆಕ್ಕ.

ಆದರೆ ಅದೇ ವರ್ಷ ಅವರು ಒಂದು ಹರಕೆ ಹೊತ್ತಿದ್ದರು. ಯಲ್ಲಾಪುರದ ಕಡೆಯ ತಮ್ಮ ತವರಿನಿಂದ ಚಂದಗುಳಿಯವರೆಗೆ ನಡೆದು ಹೋಗಿ ಘಂಟಿಗಣೇಶನಿಗೆ ಗಂಟೆ ಕಟ್ಟುವ ಹರಕೆ. ಏಳು ಮೈಲಿ ದಾರಿ. ಏನು ಬೇಡಿಕೊಂಡಿದ್ದರೋ, ಬಾಯಿ ಬಿಡಲಿಲ್ಲ. ನನ್ನ ಮಗ ಗಣಿತದಲ್ಲಿ ಪಾಸಾಗಲೆಂದಿರಬೇಕು ಅಂದುಕೊಂಡೆ. ಗಂಟೆಯನ್ನು ತಂದು ದೇವರ ಗೂಡಿನಲ್ಲಿ ಇಟ್ಟೂ ಆಗಿತ್ತು. ನಡೆಯುವ ಕಾಲೇ ಇರಲಿಲ್ಲ. ಒಂದು ಸಂಜೆ ಗೇಟಿನವರೆಗೆ ಹೋಗಿ, ಅಲ್ಲೇ ಕಲ್ಲಿನ ಮೇಲೆ ಕೂತು, ದೇವರಿಗೆ ಸುಳ್ಳು ಹೇಳಿದ ಹಾಗಾಯಿತು ಎಂದು ಕಣ್ಣು ಒರೆಸಿಕೊಂಡರು.

ಮಾರನೇ ದಿನ ನಾನು ಅಂಗಳದಲ್ಲಿ ಕೋಲು ಕುಟ್ಟುತ್ತಾ ತಿರುಗುತ್ತಿದ್ದೆ. ಅತ್ತೆ ಜಗಲಿಯಲ್ಲಿ ಕಡೆಗೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುತ್ತಿದ್ದರು. ಮಿಕ್ಸಿಯ ಬೆಣ್ಣೆ ಅವರಿಗೆ ಬೆಣ್ಣೆಯೇ ಅಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿದವರು ಹಗ್ಗ ಬಿಟ್ಟು ಎದ್ದರು.

“ಎಂತ ನಡಿಗೆ ಅದು? ಮಜ್ಜಿಗೆ ಕಡ್ದಂಗೆ ಮಾಡು.”

ಕೋಲು ಕಸಿದುಕೊಂಡು ಹೊರಟೇಬಿಟ್ಟರು. ಒಂದು ಕೈ ಹಿಂದಕ್ಕೆ ಎಳೆದರೆ ಇನ್ನೊಂದು ತಾನಾಗಿ ಮುಂದೆ. ಐವತ್ತು ವರ್ಷ ಹಗ್ಗ ಎಳೆದ ತೋಳು! ಕೋಲನ್ನು ಮುಂದೆ ಊರಬಾರದು, ಓರೆಯಾಗಿ ಹಿಂದಕ್ಕೆ ಒತ್ತಬೇಕು ಎಂದು ಹುಬ್ಬಳ್ಳಿಯಲ್ಲಿ ನನಗೆ ಎಷ್ಟು ಸಲ ಹೇಳಿದ್ದರೋ. ಇವರಿಗೆ ಯಾರೂ ಹೇಳಲೇ ಇಲ್ಲ. ಅಂಗಳದ ಆ ತುದಿಯಲ್ಲಿ ತಿರುಗಿ ನಿಂತಾಗ ಅವರ ಮುಖ ಅರಳಿತ್ತು.

“ಒಂದು ಕೋಲು ಹಿಡಿದ್ರೆ ಮುದುಕಿ. ಎರಡು ಹಿಡಿದ್ರೆ ವ್ಯಾಯಾಮ, ಅಲ್ದಾ?”

ಆ ವಾರವೇ ಇನ್ನೊಂದು ಜೋಡಿ ತಯಾರಾಯಿತು. ಗುರು ಅವರು, ಶಿಷ್ಯೆ ನಾನು. ಮೊದಲು ಗೇಟು, ಆಮೇಲೆ ಮೋರಿ, ದೀಪಾವಳಿಯ ಹೊತ್ತಿಗೆ ಎರಡು ಮೈಲಿ. ನಿಲ್ಲುವ ಜೀಪುಗಳಿಗೂ ಅತ್ತೆಯೇ ಮದ್ದು ಕಂಡುಹಿಡಿದರು. ಹರಕೆಯ ನಡಿಗೆ ಎಂದು ಒಂದು ಮಾತು ಹೇಳಿದರೆ ಸಾಕು, ಜೀಪಿನವರು ಕೈಮುಗಿದು ಮುಂದೆ ಹೋಗುತ್ತಿದ್ದರು. ಹರಕೆ ಹೊತ್ತವರನ್ನು ಗಾಡಿ ಹತ್ತಿಸಿ ಪಾಪ ಕಟ್ಟಿಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ? ನಾನು ತಿಂಗಳುಗಟ್ಟಲೆ ವ್ಯಾಯಾಮದ ಮಹತ್ವ ಕೊರೆದಿದ್ದೆ, ದಂಡಕ್ಕೆ.

ಚಳಿ ಬಿಟ್ಟ ಮೇಲೆ ಒಂದು ಭಾನುವಾರ ಅತ್ತೆಯ ತವರಿನಿಂದ ಹೊರಟೆವು. ಅವರ ತಮ್ಮ, ಬೇಡವೆಂದರೂ ಕೇಳದೆ, ಜೀಪು ತಂದು ಹಿಂದೆ ಹಿಂದೆ ಬಂದರು. ಐದನೇ ಮೈಲಿಯಲ್ಲಿ ಅತ್ತೆ ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿತ್ತು. ಜೀಪಿನ ಬಾಗಿಲು ತೆರೆಯಿತು. ಅತ್ತೆ ಅತ್ತ ನೋಡಲೂ ಇಲ್ಲ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, “ಆನು ನಡ್ದೇ ಹೋಗ್ತೆ,” ಎಂದು ಎದ್ದರು.

ಗುಡಿ ಮುಟ್ಟಿದಾಗ ಬಿಸಿಲೇರಿತ್ತು. ತಲೆಯ ಮೇಲೆಲ್ಲ ಗಂಟೆಗಳು, ಬೇಡಿದ್ದು ಸಿಕ್ಕವರು ಕಟ್ಟಿದ್ದು. ಭಟ್ಟರು ಹರಕೆ ಯಾರ ಹೆಸರಲ್ಲಿ, ಯಾವುದಕ್ಕೆ ಎಂದು ಕೇಳಿದರು. ಅತ್ತೆ ಹೆಗಲ ಚೀಲದಿಂದ ಗಂಟೆ ತೆಗೆದು ನನ್ನ ಹೆಸರು ಹೇಳಿದರು.

“ಇವ್ಳು ಮತ್ತೆ ಓಡ ಹಂಗಾಗ್ಲಿ ಹೇಳಿ ಹರಕೆ.”

ನನ್ನ ಕಣ್ಣು ತುಂಬಿತು. ಒಂದಿಡೀ ವರ್ಷ ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು. ವರ್ಷ ತುಂಬಿತು, ನನ್ನ ಕಾಲು ಗುಣವಾಯಿತು ಎಂದೇ ಅವರು ಗಂಟೆ ಕಟ್ಟಲು ಬಂದಿದ್ದರು. ಮೆಲ್ಲಗೆ ಅವರ ಕಿವಿಯಲ್ಲಿ ನಿಜ ಹೇಳಿದೆ: ಓಡಬಹುದು ಎಂದು ಹುಬ್ಬಳ್ಳಿಯಲ್ಲಿ ಹೇಳಿ ತಿಂಗಳಾಗಿತ್ತು, ಹೆದರಿ ಒಂದು ಹೆಜ್ಜೆಯೂ ಓಡಿರಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ಗಂಟೆಯನ್ನು ತಿರುಗಿ ಚೀಲಕ್ಕೆ ಹಾಕಿದರು.

“ನೀನು ಓಡದೇ ಗಂಟೆ ಕಟ್ಟಲೆ ಬತ್ತಿಲ್ಲೆ.”

ಭಟ್ಟರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಸವೆದ ಮೊಣಕಾಲಲ್ಲಿ ಏಳು ಮೈಲಿ ನಡೆದು ಬಂದವರು ಗಂಟೆ ಕಟ್ಟದೆ ವಾಪಸು ಹೋಗುವುದು ನನ್ನ ಹೆದರಿಕೆಯಿಂದಲೇ? ನನ್ನ ಕೋಲುಗಳನ್ನು ಅವರ ಕೈಗೆ ಕೊಟ್ಟೆ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಗುಡಿಯ ಅಂಗಳದಿಂದ ದೂರದಲ್ಲಿ ನಿಂತಿದ್ದ ಜೀಪಿನ ಕಡೆ ಬರಿಗಾಲಲ್ಲಿ ಓಡಿದೆ. ಮೊದಲ ನಾಲ್ಕು ಹೆಜ್ಜೆ ಮೊಣಕಾಲು ಏನನ್ನುತ್ತದೋ ಎಂದು ಕೇಳಿಸಿಕೊಂಡೆ. ಅದು ಏನೂ ಅನ್ನಲಿಲ್ಲ. ಆಮೇಲೆ ಕೇಳುವುದನ್ನೇ ಮರೆತೆ. ಗಾಳಿ ಕಿವಿಗೆ ತಾಗಿತು. ಜೀಪಿನ ಮೂತಿ ಮುಟ್ಟಿ, ಅವರ ತಮ್ಮ ಬಾಯಿಬಿಟ್ಟು ನೋಡುತ್ತಿದ್ದ ಹಾಗೆಯೇ ತಿರುಗಿ, ಇನ್ನೂ ಜೋರಾಗಿ ಓಡಿ ಬಂದೆ. ಅಷ್ಟು ಖುಷಿ ಯಾವ ಪದಕದಿಂದಲೂ ನನಗೆ ಆಗಿಲ್ಲ.

ಅತ್ತೆ ನಾಲ್ಕು ಕೋಲು ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೆನ್ನೆ ಒದ್ದೆಯಾಗಿತ್ತು. ಏದುಸಿರು ಬಿಡುತ್ತಾ ಎದುರು ನಿಂತವಳಿಗೆ, ಚೀಲದಿಂದ ಗಂಟೆ ತೆಗೆಯುತ್ತಾ ಅಂದರು.

“ನೋಡು, ತಿರುಗಿ ಇಲ್ಲಿಗೇ ಬಂದೆ.”