ಪೂಜೆಗಿಟ್ಟ ಗಿಟಾರ್

೧೯೮೪ರ ಆಯುಧಪೂಜೆಯ ದಿನ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಒಂದು ಗಿಟಾರಿಗೂ ಪೂಜೆಯಾಯಿತು.

ಗಿಟಾರ್ ಒಬ್ಬ ಟರ್ನರನದು. ಹಗಲು ಲೇತ್ ನಡೆಸುತ್ತಿದ್ದ. ಸಂಜೆ ಪಾಪ್ ಧಾಟಿಯಲ್ಲಿ ತಾನೇ ಕನ್ನಡ ಹಾಡು ಕಟ್ಟಿ ಹಾಡುತ್ತಿದ್ದ. ಪತ್ರಿಕೆ ಸೇರುವ ಮೊದಲು ನಾನು ಅಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಅವನು ಮಾಡಿದ, ಯಂತ್ರಕ್ಕೆ ಹಾಕುವ ಬಳೆಯಂಥ ಬುಷ್‌ಗಳ ಅಳತೆ ನೋಡುವುದು ನನ್ನ ಕೆಲಸ. ಆ ವರ್ಷ ಅವನು ಕೆಲವು ತಿಂಗಳು ಮಾನಸಿಕ ಆಸ್ಪತ್ರೆಯಲ್ಲಿದ್ದು ಬಂದಿದ್ದ. ಕೆಲಸ ಮಾಡಬಹುದೆಂದು ಡಾಕ್ಟರು ಹೇಳಿದ್ದರೂ ಸೂಪರ್‌ವೈಸರು ಅವನನ್ನು ಸ್ಟೋರಿನಲ್ಲಿ ನಟ್ಟು ಬೋಲ್ಟು ಆರಿಸಲು ಕೂರಿಸಿದ್ದರು. ಅವನಿಗೆ ತನ್ನ ಲೇತ್ ವಾಪಸು ಬೇಕಿತ್ತು.

ಹಬ್ಬದ ಕಾರ್ಯಕ್ರಮಕ್ಕೆ ಅವನು ಆಸ್ಪತ್ರೆಯ ಮೇಲೆ ಹಾಡು ಕಟ್ಟಿದ್ದಾನೆಂದು ಸುದ್ದಿಯಾಯಿತು. ಸೂಪರ್‌ವೈಸರು ಕರೆಸಿದರು.

“ಓನರ್ ಬರ್ತಾರೆ ಕಣೋ, ಸಿನಿಮಾ ಹಾಡು ಹಾಡು. ಲೇತ್ ಬೇಕೋ, ಆ ಹಾಡು ಬೇಕೋ?”

“ಎರಡೂ ಬೇಕು ಸಾರ್.”

ಹಬ್ಬದ ಬೆಳಿಗ್ಗೆ ಸ್ಪ್ಯಾನರು, ಸುತ್ತಿಗೆಗಳನ್ನು ಜೋಡಿಸುವಾಗ ಸೂಪರ್‌ವೈಸರು ತಾವೇ ಗಿಟಾರ್ ತಂದು ಸಾಲಿನಲ್ಲಿಟ್ಟರು. “ಕಲಾವಿದರ ಆಯುಧ” ಎಂದರು. ಅರಿಶಿನ, ಕುಂಕುಮ, ಚೆಂಡುಹೂವು ಎಲ್ಲ ಆಯಿತು. ಮಂಗಳಾರತಿ ಮುಗಿದದ್ದೇ, “ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆವರ್ಗೂ ಯಾರೂ ಮುಟ್ಟಂಗಿಲ್ಲ” ಎಂದು ಸಾರಿದರು.

ನಿಯಮ ಹಳೆಯದೇ. ಟರ್ನರ್ ಗಿಟಾರಿಗೆ ಕೈಮುಗಿದು ಕೂತ.

ಓನರ್ ಬಂದರು. ಯಶವಂತಪುರದಲ್ಲಿ ಹೇಳಿಟ್ಟಿದ್ದ ಬೂಂದಿ ಬಂದಿರಲಿಲ್ಲ. ತರಲು ಸೂಪರ್‌ವೈಸರು ತಮ್ಮ ಸ್ಕೂಟರಿನ ಕಡೆ ನಡೆದರು. ಅದೂ ಹಾರ ಹಾಕಿಸಿಕೊಂಡು ಪೂಜೆಯ ಸಾಲಿನ ಕೊನೆಯಲ್ಲಿ ನಿಂತಿತ್ತು. ಎಲೆಕ್ಟ್ರಿಷಿಯನ್ ಅಡ್ಡ ಬಂದು ಕೈಮುಗಿದ.

“ಮುಟ್ಟಂಗಿಲ್ಲ ಸಾರ್.”

“ಗಾಡಿ ಬೇರೆ ಕಣಯ್ಯಾ. ನಿಂಬೆಹಣ್ಣಿನ ಮೇಲೆ ಹತ್ತಿಸ್ಬೇಕು.”

“ಗಿಟಾರೂ ಬೇರೆ ಅಲ್ವಾ ಸಾರ್? ತಂತಿ ಮೀಟ್ಬೇಕು.”

“ದೇವ್ರು ಮುನಿಸ್ಕೊಂಡ್ರೆ ಪ್ರೊಡಕ್ಷನ್ ಬಿದ್ದೋಗುತ್ತೆ ಸಾರ್” ಎಂದು ಹಿಂದಿನಿಂದ ಒಬ್ಬ ಸೇರಿಸಿದ.

ಓನರ್ ಕೈಗಡಿಯಾರ ನೋಡಿಕೊಂಡರು. “ಏನ್ರೀ, ಬೂಂದೀನೂ ಇಲ್ಲ, ಹಾಡೂ ಇಲ್ವಾ?”

“ತಗೊಳ್ಳಯ್ಯಾ ನಿನ್ ಆಯುಧಾನ!” ಎಂದು ಸೂಪರ್‌ವೈಸರು ಸ್ಕೂಟರಿಗೆ ಕಿಕ್ ಹೊಡೆದರು. ನಿಂಬೆಹಣ್ಣು ಪಚಕ್ಕೆಂದಿತು.

ಅವರು ಬೂಂದಿ ತರುವಷ್ಟರಲ್ಲಿ ಹಾಡು ಕಾವೇರಿತ್ತು. ಲೇತ್ ಕೆಟ್ಟರೆ ಫಿಟ್ಟರನ್ನ ಕರೀತೀರಿ, ತಲೆ ಕೆಟ್ಟರೆ ಮಂತ್ರವಾದೀನ ಕರೀತೀರಿ ಎಂಬ ಸಾಲಿಗೆ ಎಲ್ಲರೂ ಊಟದ ಡಬ್ಬಿ ಬಡಿಯುತ್ತಿದ್ದರು. ಮುಗಿಸಿ ಅವನು ಹೇಳಿದ: “ನಿದ್ದೆ ಬರ್ದೇ ಇರೋರು, ಸುಮ್‌ಸುಮ್ನೆ ಅಳು ಬರೋರು ನನ್ ಹತ್ರ ಬನ್ನಿ. ಆಸ್ಪತ್ರೆಗೆ ಯಾವ ಬಸ್ಸು, ಎಲ್ಲಿ ಚೀಟಿ ಮಾಡಿಸ್ಬೇಕು, ಎಲ್ಲಾ ಗೊತ್ತು. ಜೊತೇಲಿ ಬರ್ತೀನಿ. ಕಾಫಿ ಮಾತ್ರ ನಿಮ್ದು.”

ಓನರ್ ಸೂಪರ್‌ವೈಸರ್ ಕಡೆ ತಿರುಗಿದರು. “ಇವ್ನು ಯಾವ ಮಿಷಿನ್ನಲ್ಲಿದಾನೆ?”

“ಸ್ಟೋರಲ್ಲಿ ಸಾರ್.”

“ಡಾಕ್ಟರ್ ಏನಂದ್ರಂತೆ?”

“ಕೆಲ್ಸ ಮಾಡ್ಬೋದು ಅಂದ್ರಂತೆ ಸಾರ್.”

“ಮತ್ತೆ?”

“ಬೂಂದಿ ತಗೊಳ್ಳಿ ಸಾರ್.”

ರಜೆ ಮುಗಿದು ಕಾರ್ಖಾನೆ ತೆರೆದ ದಿನ ಅವನ ಬುಷ್‌ಗಳು ಮತ್ತೆ ನನ್ನ ಮೇಜಿಗೆ ಬಂದವು. ನಿವೃತ್ತನಾಗುವವರೆಗೂ ಅವನು ಅದೇ ಲೇತಿನಲ್ಲಿದ್ದ. ಹೋದ ವರ್ಷ ಆಯುಧಪೂಜೆಗೆ ಅವನ ಮನೆಗೆ ಹೋಗಿದ್ದೆ. ಕತ್ತರಿಗೆ, ಮಿಕ್ಸಿಗೆ ಕುಂಕುಮ ಹಚ್ಚಿದ್ದರು. ಗಿಟಾರ್ ಅವನ ತೊಡೆಯ ಮೇಲಿತ್ತು.