ಹುಳುಮನೆಯಲ್ಲಿ ಮೂರು ಮಕ್ಕಳು

...ಆದರೆ ರೇಷ್ಮೆ ಹುಳುಮನೆಗೆ ಕಿಟಕಿಯೇ ಇರಲಿಲ್ಲವಲ್ಲ? ಹಾಗಿದ್ದರೆ ಅಪ್ಪ ಹುಣಸೆಮರದ ಕೆಳಗೆ ನಿಂತಿದ್ದನ್ನು ನಾನು ಎಲ್ಲಿಂದ ನೋಡಿದೆ? ಅಕ್ಕನಿಗೆ ಫೋನು ಮಾಡಿ ಕೇಳಿದರೆ, "ನೀನೆಲ್ಲಿ ನೋಡ್ದೆ? ಕಂಬಳಿ ಒಳಗಿದ್ದೆ. ನೋಡಿದ್ದು ನಾನು ಕಣ್ಲಾ," ಎನ್ನುತ್ತಾಳೆ. ಇರಬಹುದು. ಅವಳ ನೆನಪನ್ನೇ ಇಷ್ಟು ವರ್ಷ ನನ್ನದೆಂದು ಸಾಕಿಕೊಂಡಿರಬಹುದು. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಈ ನೆನಪು ಶುರುವಾದದ್ದು ಇವತ್ತು ಬೆಳಿಗ್ಗೆ, ಮೊಮ್ಮಗಳಿಗೆಂದು ತಂದ ಹಿಪ್ಪುನೇರಳೆ ಹಣ್ಣಿನಿಂದ. ಪೊಟ್ಟಣದಲ್ಲಿ ಒಂದು ಎಲೆಯೂ ಸೇರಿಕೊಂಡಿತ್ತು. ಮೂಸಿದೆ, ಸೀನು ಬಂತು. ಮಗುವಿಗೆ ಜ್ವರ ಬಿಟ್ಟು ಇನ್ನೂ ಎರಡು ದಿನ. ಒಳಗಿನಿಂದ ಸೊಸೆ, "ಮಾವ, ಶೀತಾನಾ?" ಎಂದಳು. "ಧೂಳು ಕಣಮ್ಮ," ಎಂದೆ. ಹೇಳಿದ ಮೇಲೆ ಬಾಗಿಲಲ್ಲೇ ನಿಂತುಬಿಟ್ಟೆ. ಈ ಮಾತನ್ನು ಆರು ವರ್ಷದವನಿದ್ದಾಗಲೂ ಹೇಳಿದ್ದೆ.

ಹರವೆ ಊರಿನ ನಮ್ಮ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿ ರೇಷ್ಮೆಹುಳು ಸಾಕುತ್ತಿದ್ದವಳು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಐವತ್ತೇಳರಲ್ಲೋ ಅದರ ಆಸುಪಾಸಿನಲ್ಲೋ ಊರೂರಿಗೆ ಫ್ಲೂ ಬಂತು. ಚಾಮರಾಜನಗರಕ್ಕೆ ಹೋದವರು ಕೆಮ್ಮುತ್ತಲೇ ಬಸ್ಸಿಳಿಯುತ್ತಿದ್ದರು. ಪಕ್ಕದ ಬೀದಿಯಲ್ಲಿ ಒಂದು ಕೂಸು ಹೋಯಿತು. ನನ್ನ ತಮ್ಮ ಏಳನೇ ತಿಂಗಳಿಗೇ ಹುಟ್ಟಿದವನು, ಮೊರದಲ್ಲಿ ಮಲಗಿಸಿದರೂ ಜಾಗ ಉಳಿಯುತ್ತಿತ್ತು. ಅವನನ್ನು ಉಳಿಸುವುದು ಹೇಗೆ? ದೊಡ್ಡವ್ವನಿಗೆ ಗೊತ್ತಿದ್ದದ್ದು ಹುಳು ಉಳಿಸುವ ರೀತಿಯೊಂದೇ. ರೇಷ್ಮೆಗೂಡು ಮಾರಿ ಖಾಲಿಯಾಗಿದ್ದ ಹುಳುಮನೆಗೆ ಸುಣ್ಣ ಬಳಿದು, ಅವ್ವನನ್ನೂ ನಮ್ಮ ಮೂವರನ್ನೂ ಒಳಗೆ ಹಾಕಿದಳು.

ಹುಳುವಿಗಿದ್ದ ನಿಯಮಗಳೇ ನಮಗೂ: ಕಾಲು ತೊಳೆಯದೆ ಯಾರೂ ಬರಬಾರದು, ಹೊರಗಿನವರು ಬರಲೇಬಾರದು. ಒತ್ತಾಗಿ ಮಲಗಬಾರದು. ಚಾಪೆಗೆ ದಿನವೂ ಬಿಸಿಲು. ಘಾಟು ಹುಳುವಿಗೆ ಆಗದು, ಆದ್ದರಿಂದ ನಮ್ಮ ಸಾರಿಗೂ ಒಗ್ಗರಣೆ ಇಲ್ಲ! ಅಕ್ಕ ಮುಖ ಸಿಂಡರಿಸಿದರೆ ದೊಡ್ಡವ್ವ, "ನಿಂಗೆ ಸೊಪ್ಪು ಆಕ್ನಿಲ್ವಲ್ಲ, ಅದ್ಕೇ ಸಂತೋಸ ಪಡು ಕಣಮ್ಮಿ," ಎನ್ನುತ್ತಿದ್ದಳು.

ಅವಳು ಹೇಳದ ಒಂದು ನಿಯಮ ನನಗೆ ಗೊತ್ತಿತ್ತು. ಕಾಯಿಲೆಯ ಹುಳುವನ್ನು ಅವಳು ಆರಿಸಿ ಸುಣ್ಣದ ಗುಂಡಿಗೆ ಹಾಕುತ್ತಿದ್ದಳು. ಮೂರನೆಯ ದಿನ ನನಗೆ ಸೀನು ಬಂತು. ಕಂಬಳಿ ಕಚ್ಚಿ ತಡೆದೆ. ಒಂದು ತಪ್ಪಿಸಿಕೊಂಡಿತು.

"ಏನ್ಲಾ ಅದು?"

"ಸೊಪ್ಪಿನ ದೂಳು, ದೊಡ್ಡವ್ವ."

ಅವಳು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳೋ ಏನೋ. ಅಷ್ಟರಲ್ಲಿ ಹೊರಗೆ ಅಪ್ಪನ ದನಿ. ಅಪ್ಪನಿಗೆ ಗುಂಡ್ಲುಪೇಟೆಯ ಅರಿಸಿನದ ಮಂಡಿಯಲ್ಲಿ ಕೆಲಸ. ಅಲ್ಲಿ ಜ್ವರ ಜೋರಾಗಿತ್ತಂತೆ. ಬತ್ತಾಸಿನ ಪೊಟ್ಟಣ ಹಿಡಿದು ಬಂದಿದ್ದ. ದೊಡ್ಡವ್ವ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಅತ್ಗೆಮ್ಮ, ನಮ್ಮನೆ ಕಣವ್ವ ಇದು!"

"ಯಾರಪ್ಪ ಇಲ್ಲ ಅಂದೋರು? ಒಲದ್ ಗುಡ್ಲಲ್ಲಿ ಎಂಟ್ ದಿನ ಇರು. ಇಟ್ಟು ಸಾರು ಕಳುಸ್ತೀನಿ."

ಅಪ್ಪ ಕೂಗಾಡಲಿಲ್ಲ. ಪೊಟ್ಟಣವನ್ನು ಹೊಸಿಲ ಹೊರಗಿಟ್ಟು, "ಕೂಸ್ನ ಒಂದ್ಸಲ ತೋರ್ಸ್ಬುಡಿ, ಓಯ್ತೀನಿ," ಎಂದ.

"ಉಣಸೆಮರದ್ ತಾವ ಓಗಿ ನಿಂತ್ಕೊ. ತೋರುಸ್ತೀನಿ."

ತಮ್ಮನನ್ನು ಮೊರದ ಸಮೇತ ಎತ್ತಿ ಹಿಡಿದಳು. ಅಷ್ಟು ದೂರಕ್ಕೆ ಅಪ್ಪನಿಗೆ ಕಂಡದ್ದು ಮೊರವೊಂದೇ ಇರಬೇಕು. ಆದರೂ ಅಲ್ಲಿಂದಲೇ "ಕೂಸೇ" ಎಂದು ಕರೆದನಂತೆ. ಬತ್ತಾಸಿನ ಪೊಟ್ಟಣವನ್ನೂ ಅವಳು ಬಿಸಿಲಿಗಿಟ್ಟಳು. ನಮಗಿಂತ ಮೊದಲು ಇರುವೆಗಳು ತಿಂದವು.

ಎಂಟು ದಿನ ಕಳೆದು ಅಪ್ಪ ಗುಂಡುಕಲ್ಲಿನಂತೆ ಮನೆಗೆ ಬಂದ. ಅವನಿಗೆ ಜ್ವರವೇ ಬಂದಿರಲಿಲ್ಲ. ತಮ್ಮ ಉಳಿದ. ಈಗ ಅವನ ಗೊರಕೆಗೆ ಹೆದರಿ ಮನೆಯವರು ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಆ ಗೊರಕೆ ಕೇಳಿದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ. ತಡೆದು ನಿಂತವಳಿಗೆ ಎಷ್ಟೋ, ತಡೆಸಿಕೊಂಡು ದೂರ ನಿಂತವನಿಗೂ ಅಷ್ಟೇ. ಇಬ್ಬರಿಗೂ ಬಾಯಿಬಿಟ್ಟು ಹೇಳಲಿಲ್ಲ.

ಇವತ್ತು ಹಣ್ಣಿನ ಪೊಟ್ಟಣವನ್ನು ಹೊಸಿಲ ಹೊರಗಿಟ್ಟು ಅಂಗಳಕ್ಕೆ ಇಳಿದೆ. "ಧೂಳಲ್ಲ ಕಣಮ್ಮ, ನಿನ್ನೆಯಿಂದ ಶೀತ. ಮಗೂನ ಅಲ್ಲಿಂದ್ಲೇ ತೋರಿಸು," ಎಂದೆ. ಸೊಸೆ ಎತ್ತಿ ತೋರಿಸಿದಳು.

ನಿರೋಗಿ ಅಪ್ಪನನ್ನು ದೊಡ್ಡವ್ವ ಹೊರಗೆ ನಿಲ್ಲಿಸಿದ್ದಾಗ ನಾನು ಒಳಗೆ, ತಮ್ಮನ ಮೊರಕ್ಕೆ ಎರಡು ಮೊಳ ದೂರದಲ್ಲಿದ್ದೆ. ಆ ಸೀನು ನಿಜವಾಗಿ ಸೊಪ್ಪಿನ ಧೂಳಿನದೋ, ಆ ಜ್ವರದ್ದೋ? ನನಗೆ ಗೊತ್ತಿಲ್ಲ.